ಬಾಗಿಲಲ್ಲಿ ನಿಂತ ಚಾಕರಮಾನಿ

ದಾದರ್, ಮುಂಬಯಿ
೯ ಜೂನ್ ೧೯೮೬

ಪ್ರೀತಿಯ ಅಕ್ಕನಿಗೆ ಕುಂದಾಳ ನಮಸ್ಕಾರ.

ಮೊದಲು ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಬಾಯಿಗೆ ಹಾಕಿಕೋ, ಆಮೇಲೆ ಮುಂದೆ ಓದು. ಹಾಕಿಕೊಂಡೆಯಾ? ಸರಿ. ನನಗೆ ಪಾತ್ರ ಸಿಕ್ಕಿತು! ನಾಟಕದಲ್ಲಲ್ಲ ಮಾರಾಯ್ತಿ, ನಮ್ಮ ಕಾರ್ಟೂನ್ ಸ್ಟುಡಿಯೋದಲ್ಲೇ. ಇಷ್ಟು ವರ್ಷ ಬೇರೆಯವರು ಬರೆದ ಗೊಂಬೆಗಳಿಗೆ ಗೆರೆ ಮೀರದ ಹಾಗೆ ಬಣ್ಣ ತುಂಬಿ ತುಂಬಿ ನನ್ನ ಬೆನ್ನು ಬಾಗಿದ್ದು ನಿನಗೆ ಗೊತ್ತೇ ಇದೆ. ಶನಿವಾರ ಕರ್ಣಿಕ್ ಸರ್ ಎಲ್ಲರೆದುರು, "ಏನ್ರೀ ಪರಬ್ ಬಾಯಿ, ಬಣ್ಣ ಹಚ್ಚಿದ್ದು ಸಾಕಾಯ್ತೋ ಇಲ್ವೋ? ಈ ಸಲ ಮನುಷ್ಯನ್ನ ನೀವೇ ಹುಟ್ಸಿ" ಎಂದರು. ನಾನು ಕೈಯಲ್ಲಿದ್ದ ಬಣ್ಣದ ಬಟ್ಟಲು ಬೀಳಿಸಿಬಿಟ್ಟೆ.

ಟಿ.ವಿ.ಗೆ ಮಕ್ಕಳ ಚಿತ್ರ. ಕಥೆ ಇಷ್ಟೇ: ಮುಂಬಯಿಯ ಗಿರಣಿಯಲ್ಲಿ ದುಡಿಯುವ ಕೊಂಕಣದ ಮನುಷ್ಯನೊಬ್ಬ ಗಣಪತಿ ಹಬ್ಬಕ್ಕೆ ಮನೆಗೆ ಹೋಗುತ್ತಾನೆ. ದಾರಿಯಲ್ಲಿ ಮಳೆ, ಕೆಟ್ಟು ನಿಂತ ಬಸ್ಸು, ತುಂಬಿದ ಹೊಳೆ, ಕೊನೆಗೆ ಮನೆ. ಮುಂಬಯಿಗೆ ಚಾಕರಿಗೆ ಹೋದ ಗಂಡಸರನ್ನೆಲ್ಲ ನಮ್ಮೂರು ಏನೆಂದು ಕರೆಯುತ್ತದೋ ಅದೇ ಚಿತ್ರದ ಹೆಸರು, 'ಚಾಕರಮಾನಿ'. ಚೌತಿಯೊಳಗೆ ನನ್ನ ಮನುಷ್ಯ ಸರ್‌ಗೆ ಒಪ್ಪಿಗೆಯಾದರೆ ಇನ್ನು ಮುಂದೆ ನಾನು ಪಾತ್ರ ಬರೆಯುವವಳು. ಆಗದಿದ್ದರೆ ವಾಪಸ್ ಬಣ್ಣದ ಮೇಜಿಗೆ, ಆಮೇಲೆ ಅಲ್ಲಿಂದ ಏಳುವ ಮಾತಿಲ್ಲ.

ಕಣ್ಣು ಮೂಗು ಬರೆಯಲು ಈಗಲೇ ಬಿಡುವುದಿಲ್ಲ ಇಲ್ಲಿ. ದಪ್ಪ ಕುಂಚವನ್ನು ಹಿಂತುದಿಯಲ್ಲಿ ಸಡಿಲವಾಗಿ ಹಿಡಿದು, ಕಪ್ಪು ಶಾಯಿಯಲ್ಲಿ ಅದ್ದಿ, ಅಗ್ಗದ ಕಾಗದದ ಮೇಲೆ ಬರೀ ಆಕಾರ ಒತ್ತಬೇಕು. ಯೋಚಿಸಬಾರದು, ತಿದ್ದಬಾರದು. ಒಂದು ಮಡಕೆಯ ಹಾಗೆ ಗುಂಡಗೆ, ಒಂದು ಪಡವಲಕಾಯಿಯ ಹಾಗೆ ಉದ್ದಕ್ಕೆ, ಏನು ಬಂದರೆ ಅದು. ಒಣಗಿದ ಮೇಲೆ ದಾರಕ್ಕೆ ಸಿಕ್ಕಿಸಿ, ಕೋಣೆಯ ಆಚೆ ತುದಿಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತೇವೆ. ಇವನು ಯಾರು, ಇವನ ಮನಸ್ಸಿನಲ್ಲಿ ಏನಿದೆ ಎಂದು ಅಷ್ಟು ದೂರಕ್ಕೂ ಗೊತ್ತಾದರೆ ಆ ಕಪ್ಪಿನೊಳಗೆ ಮನುಷ್ಯ ಇದ್ದಾನೆ. ಇಲ್ಲದಿದ್ದರೆ ಬರೀ ಮಸಿ. ದಾರದ ಮೇಲೆ ಸಾಲಾಗಿ ಕೂತ ಹಾಗೆ ಕಾಣುವುದರಿಂದ ನಾವು ಅವಕ್ಕೆ ಕಾಗೆ ಎನ್ನುತ್ತೇವೆ. "ಇವತ್ತೆಷ್ಟು ಕಾಗೆ ಹಾರಿಸಿದ್ರಿ?" ಎಂದು ಚಹಾ ತರುವವನು ಕೂಡ ಕೇಳುತ್ತಾನೆ.

ಈಗ ನಿಜವಾದ ಸುದ್ದಿ. ನನ್ನ ಚಾಕರಮಾನಿ ಯಾರು ಹೇಳು? ನಮ್ಮ ಬಾಬಾ. ಮನೆಯಲ್ಲಿದ್ದ ಒಂದೇ ಫೋಟೋವನ್ನು ಗೆದ್ದಲು ತಿಂದುಹಾಕಿತು, ಅವರ ಮುಖ ನನಗೆ ನೆನಪೇ ಇಲ್ಲ. ಆದರೆ ಆ ಆಕಾರ ಇದೆ ಅಕ್ಕಾ. ನನಗೆ ನಾಲ್ಕು ವರ್ಷ, ಚೌತಿಯ ಹಿಂದಿನ ಸಂಜೆ, ಮಳೆ ನಿಂತು ಅಂಗಳದ ತುಂಬ ಬಿಸಿಲು. ಬಾಗಿಲು ತುಂಬ ಕಪ್ಪಗೆ ಒಬ್ಬರು. ಒಂದು ಕೈಯಲ್ಲಿ ಪೆಟ್ಟಿಗೆ, ಒಂದರಲ್ಲಿ ಕೊಡೆ, ಕತ್ತು ಸ್ವಲ್ಪ ಮುಂದೆ ಬಾಗಿದೆ. ನಾನು ಓಡಿಹೋಗಿ ಕಾಲು ಹಿಡಿದುಕೊಂಡೆ. ಅವರು ನನ್ನನ್ನು ಎತ್ತಿಕೊಂಡು "ಹೂಂ ಪೋರಿ, ಬಂದೆ" ಎಂದರು. ಆಮೇಲೆ ಪೆಟ್ಟಿಗೆಯಿಂದ ಕೆಂಪು ಫ್ರಾಕ್ ತೆಗೆದುಕೊಟ್ಟರು. ಅಪ್ಪ ಎಂದರೆ ನನಗೆ ಅಷ್ಟೇ ಇರುವುದು, ಒಂದು ಆಕಾರ, ಒಂದು ಮಾತು, ಒಂದು ಫ್ರಾಕ್. ಅದನ್ನು ಈಗ ಊರೆಲ್ಲ ನೋಡುತ್ತದೆ ಎಂದು ನೆನೆದರೆ ಎದೆ ತುಂಬುತ್ತದೆ.

ಐದು ಕಾಗೆ ಇದರ ಜೊತೆ ಕಳಿಸಿದ್ದೇನೆ. ಐದರಲ್ಲಿ ಬಾಬಾ ಯಾವುದು? ಗುರುತಿಸು ನೋಡೋಣ.

ನಿನ್ನ ಕುಂದಾ


ವೆಂಗುರ್ಲೆ
೨೧ ಜೂನ್ ೧೯೮೬

ಚಿ. ಕುಂದಾಗೆ ಮಂದಾಕಿನಿಯ ಆಶೀರ್ವಾದ.

ಬೆಲ್ಲದ ಡಬ್ಬಿಗೆ ಇರುವೆ ಹತ್ತಿತ್ತು, ಸಕ್ಕರೆ ತಿಂದೆ. ಬಹಳ ಸಂತೋಷವಾಯಿತು. ಆಯಿ ಇನ್ನೆರಡು ವರ್ಷ ಬದುಕಿದ್ದರೆ ಇದನ್ನು ಕೇಳುತ್ತಿದ್ದಳು. ನೆರೆಮನೆಯ ತಾರಾಬಾಯಿಗೆ ಹೇಳಿದೆ. "ಹಾಗಾದ್ರೆ ಇನ್ನು ಮದುವೆ ಮಾಡ್ಕೊಳ್ಳೋದೇ ಇಲ್ವೇನು ನಿಮ್ಮ ತಂಗಿ?" ಎಂದಳು. ಅವಳ ಬ್ಲೌಸ್ ಹೊಲಿಯುವುದು ಒಂದು ವಾರ ತಡ ಮಾಡಿದ್ದೇನೆ.

ಇಲ್ಲಿ ಮಳೆ ಹಿಡಿದಿದೆ. ಬಾವಿ ತುಂಬಿತು. ಮೀನಿಲ್ಲ, ಒಣಬಂಗಡೆಯಲ್ಲೇ ದಿನ ದೂಡುತ್ತಿದ್ದೇನೆ. ಹೊಲಿಗೆ ಯಂತ್ರದ ಪಟ್ಟಿ ಸಡಿಲವಾಗಿದೆ.

ನಿನ್ನ ಐದು ಚಿತ್ರ ನೋಡಿದೆ. ಎಲ್ಲ ಕಪ್ಪು, ನನಗೇನು ತಿಳಿಯುತ್ತದೆ ಅದರಲ್ಲಿ? ಒಂದು ಮಾತು, ಬಾಬಾನ ಚಿತ್ರಕ್ಕೆ ಕಾಗೆ ಎನ್ನಬೇಡ. ತಿಥಿಯ ದಿನ ಎಲೆಯ ಮುಂದೆ ಕೈ ಮುಗಿದು ನಿಂತು ಆ ಪಕ್ಷಿಯನ್ನು ಕರೆಯುವವಳು ನಾನು. ಕೇಳಲು ಒಂಥರಾ ಆಗುತ್ತದೆ.

ಇನ್ನೊಂದು, ಬಾಬಾ ಅಷ್ಟು ಎತ್ತರ ಇರಲಿಲ್ಲ. ಕುಳ್ಳು. ಕತ್ತು ಬಗ್ಗಿಸುವ ಮನುಷ್ಯನೂ ಅಲ್ಲ. ಚಿತ್ರಕ್ಕೆ ಅವರೇ ಏಕೆ ಬೇಕು? ಹಬ್ಬಕ್ಕೆ ಬಸ್ಸಿನ ತುಂಬ ಚಾಕರಮಾನಿಗಳು ಬಂದಿಳಿಯುತ್ತಾರೆ, ಯಾರನ್ನಾದರೂ ನೋಡಿ ಬರೆ. ದಪ್ಪಗಿರುವವನು, ಬಿಸ್ಕತ್ ಡಬ್ಬಿ ಹೊತ್ತು ನಗುತ್ತ ಬರುವವನು, ಅಂಥವನನ್ನು ಕಂಡರೆ ಮಕ್ಕಳಿಗೂ ಖುಷಿ.

ಬೆನ್ನುನೋವಿಗೆ ಎಣ್ಣೆ ಕಳಿಸುತ್ತೇನೆ. ನಿಂತು ಕೆಲಸ ಮಾಡುವಾಗ ಎರಡೂ ಕಾಲು ನೆಲಕ್ಕೆ ಊರು. ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತರೆ ಸೊಂಟ ನೋಯದೆ ಇನ್ನೇನಾಗುತ್ತದೆ? ಆಯಿ ಹೇಳಿ ಹೇಳಿ ಸೋತಳು.

ಅಕ್ಕ


ದಾದರ್
೩ ಜುಲೈ ೧೯೮೬

ಅಕ್ಕಾ,

ಎಣ್ಣೆ ಬಂತು. ಕಾಗದವೂ ಬಂತು. ಬಾಬಾ ಯಾವುದೆಂದು ಕೇಳಿದರೆ ಒಣಬಂಗಡೆಯ ಸುದ್ದಿ ಬರೆದಿದ್ದೀಯ. ಇರಲಿ.

ಬಾಬಾ ಕುಳ್ಳು ಎಂದೆಯಲ್ಲ, ನಾಲ್ಕು ವರ್ಷದ ಮಗುವಿಗೆ ಯಾರು ತಾನೇ ಎತ್ತರ ಕಾಣುವುದಿಲ್ಲ? ಮಗುವಿನ ಕಣ್ಣಿಗೆ ಕಂಡಂತೆ ಬರೆಯುವುದೇ ನಮಗೆ ಬೇಕಾದದ್ದು. ನೀನು ಹೇಳಿದ ಬಿಸ್ಕತ್ ಡಬ್ಬಿಯವನನ್ನೂ ಬರೆದೆ. ಹತ್ತಿಯ ಮೂಟೆಯ ಹಾಗೆ ಬಂದ. ದಾರದ ಮೇಲೆ ನಲವತ್ತು ಕಪ್ಪು ಆಕಾರ ಇದ್ದವು (ನಿನಗಾಗಿ ಆ ಪಕ್ಷಿಯ ಹೆಸರು ಎತ್ತುವುದಿಲ್ಲ). ಕರ್ಣಿಕ್ ಸರ್ ಆ ತುದಿಯಿಂದ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, ನೇರ ಬಂದು ಬಾಗಿಲಲ್ಲಿ ನಿಂತ ಬಾಬಾನ ಮೇಲೆ ಬೆರಳಿಟ್ಟರು.

"ಇದರಲ್ಲಿ ಮನುಷ್ಯ ಇದ್ದಾನೆ. ಆದರೆ ಪರಬ್ ಬಾಯಿ, ಇವನು ಹಬ್ಬಕ್ಕೆ ಬಂದವನ ಹಾಗಿಲ್ಲವಲ್ಲ?"

"ದಣಿದಿದ್ದಾರೆ ಸರ್. ಬಸ್ಸಿನಲ್ಲಿ ಅಷ್ಟು ದೂರ..."

"ದಣಿದವನು ಒಳಗೆ ನುಗ್ತಾನೆ, ನೀರು ಕೊಡಿ ಅಂತಾನೆ. ಇವನಿಗೆ ಹೊಸಿಲು ದಾಟೋಕೆ ಮನಸ್ಸಿಲ್ಲ. ಕೊಡೆ ಪೆಟ್ಟಿಗೆ ಎರಡನ್ನೂ ಕಿತ್ಕೊಂಡು, ಬರಿಗೈಯಲ್ಲಿ ನಿಲ್ಲಿಸಿ ತೋರ್ಸಿ. ಆಮೇಲೂ ಅವನೇ ಉಳಿದ್ರೆ ಇವನೇ ನಮ್ಮ ಚಾಕರಮಾನಿ."

ಇದು ಅವರು ಎಲ್ಲರಿಗೂ ಕೊಡುವ ಪರೀಕ್ಷೆ. ಟೊಪ್ಪಿಗೆ, ಕೋಲು, ಬುಟ್ಟಿ ಕೊಟ್ಟು ಯಾರನ್ನಾದರೂ ಗುರುತು ಹಿಡಿಸಬಹುದು, ಅವನ್ನು ತೆಗೆದ ಮೇಲೆ ಉಳಿಯುವುದೇ ಆಳು ಎನ್ನುತ್ತಾರೆ. ತೆಗೆದೆ ಅಕ್ಕಾ. ಏನೂ ಉಳಿಯಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ನನಗೇ ತಿಳಿಯಲಿಲ್ಲ. ಕೊಡೆ ಪೆಟ್ಟಿಗೆ ಇಲ್ಲದ ಬಾಬಾನನ್ನು ನಾನು ನೋಡಿಯೇ ಇಲ್ಲವಲ್ಲ!

ಅದಕ್ಕೇ ಭಾನುವಾರ ಇಲ್ಲೇ ಹತ್ತಿರದ ಲಾಲಬಾಗಿಗೆ, ತಾವಡೆ ಕಾಕಾರ ಖೋಲಿಗೆ ಹೋದೆ. ಬಾಬಾನ ಜೊತೆ ಒಂದೇ ಕೋಣೆಯಲ್ಲಿದ್ದವರು, ಒಂದೇ ಗಿರಣಿ, ಒಂದೇ ಪಾಳಿ. ಅವರಿಗಿಂತ ಚೆನ್ನಾಗಿ ಯಾರು ನಿಂತು ತೋರಿಸುತ್ತಾರೆ? ನನ್ನ ಮಂಚದ ಕೆಳಗಿದ್ದ, ಮುಚ್ಚಳದ ಮೇಲೆ 'ಸೀತಾರಾಮ ಪರಬ್' ಎಂದು ಬಾಬಾನ ಹೆಸರಿರುವ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದೆ. ಕಾಕಾರ ಕಣ್ಣಿನ ಪೊರೆ ಬಲಿತಿದೆ, ಆಪರೇಷನ್ ಎಂದರೆ ಹೆದರಿ ಓಡುತ್ತಾರೆ.

"ಮುಖ ಕಾಣೋದಿಲ್ಲ ಪೋರಿ. ಬಾಗಿಲಲ್ಲಿ ಯಾರಾದ್ರೂ ನಿಂತ್ರೆ ಕಪ್ಪಗೆ ಒಂದು ಆಕಾರ ಕಾಣುತ್ತೆ, ಅಷ್ಟೇ. ಅದರ ಮೇಲೆ ಇವರು ಇಂಥವರು ಅಂತ ಊಹೆ ಮಾಡ್ಕೊಳ್ಳೋದು" ಎಂದರು.

"ಹಾಗಾದ್ರೆ ನೀವು ನಮ್ಮ ಸ್ಟುಡಿಯೋಗೆ ಸೇರ್ಕೊಳ್ಳಿ ಕಾಕಾ" ಎಂದೆ. ಎಷ್ಟು ನಕ್ಕರು ಗೊತ್ತೇ!

ಆದರೆ ಕೊಡೆ ಕೈಗಿತ್ತು, ಹೊರಗೆ ಗ್ಯಾಲರಿಯಿಂದ ಬಂದು ಬಾಗಿಲಲ್ಲಿ ನಿಲ್ಲಿ ಎಂದಾಗ ನಗು ನಿಂತಿತು. ಪೆಟ್ಟಿಗೆಯ ಹಿಡಿ ಮುರಿದಿದ್ದಕ್ಕೆ ಬಾಬಾ ಗಿರಣಿಯ ನೂಲು ಸುತ್ತಿದ್ದರಲ್ಲ, ಅವರ ಬೆರಳು ಆ ನೂಲನ್ನು ಮುಟ್ಟಿ ಅಲ್ಲೇ ನಿಂತುಬಿಟ್ಟಿತು. ನಾನು ದುಂಬಾಲು ಬಿದ್ದೆ. ಹೋದರು, ತಿರುಗಿದರು, ಹೊಸಿಲಿನ ಆಚೆ ನಿಂತರು. ಅಯ್ಯೋ ಅಕ್ಕಾ, ಹೇಗೆ ಹೇಳಲಿ! ನಾನು ಬರೆದ ಆಕಾರವೇ ಕಾಗದದಿಂದ ಎದ್ದು ಬಂದ ಹಾಗಿತ್ತು. ಅದೇ ಕತ್ತು, ಅದೇ ಹೆಗಲು. ಗಿರಣಿಯಲ್ಲಿ ದುಡಿದವರೆಲ್ಲ ಹೀಗೇ ನಿಲ್ಲುತ್ತಾರೇನೋ.

ನಾನು ಕುಂಚ ತೆಗೆಯುವಷ್ಟರಲ್ಲಿ ಅವರು ಪೆಟ್ಟಿಗೆ ಇಳಿಸಿ ಗ್ಯಾಲರಿಯಲ್ಲೇ ಕುಕ್ಕರಿಸಿಬಿಟ್ಟರು. "ಇದೊಂದು ನನ್ನಿಂದ ಮಾಡಿಸ್ಬೇಡ ಪೋರಿ. ಒಂದು ಸಲ ಮಾಡಿದ್ದು ಸಾಕು" ಎಂದರು. ಯಾವಾಗ ಮಾಡಿದ್ದಿರಿ ಎಂದರೆ "ಮಂಡಿ ನೋವು" ಎಂದರು. ಪಾಪ, ವಯಸ್ಸಾಯಿತು. ಅಷ್ಟು ಹೊತ್ತು ನಿಲ್ಲಿಸಬಾರದಿತ್ತು ನಾನು.

ಈಗ ನೀನೇ ಗತಿ. ಬಾಬಾ ಬರಿಗೈಯಲ್ಲಿ ಹೇಗೆ ನಿಲ್ಲುತ್ತಿದ್ದರು? ಅಷ್ಟು ಬರೆದು ಕಳಿಸು. ನನ್ನ ಕೆಲಸ ಅದರ ಮೇಲೆ ನಿಂತಿದೆ.

ಕುಂದಾ


ವೆಂಗುರ್ಲೆ
೧೪ ಜುಲೈ ೧೯೮೬

ಕುಂದಾ,

ತಾವಡೆ ಕಾಕಾರಿಗೆ ಮತ್ತೆ ತೊಂದರೆ ಕೊಡಬೇಡ. ಆ ಪೆಟ್ಟಿಗೆಯನ್ನು ಅವರ ಮುಂದೆ ಒಯ್ಯಬೇಡ. ಅವರು ನಮಗೆ ಮಾಡಿದ್ದು ಸಾಕಷ್ಟಿದೆ.

ಬಾಗಿಲಿನ ಚಿತ್ರ ಬಿಡು. ನಿನ್ನ ಸರ್ ಹೇಳಿದ್ದು ಸರಿಯಾಗಿದೆ, ಅದು ಹಬ್ಬದ ಚಿತ್ರವಲ್ಲ. ನೀನು ಬುದ್ಧಿವಂತೆ, ಬೇರೆ ಏನಾದರೂ ಹೊಳೆದೇ ಹೊಳೆಯುತ್ತದೆ. ಬಾಬಾ ಹೇಗೆ ನಿಲ್ಲುತ್ತಿದ್ದರು ಎಂದು ಈಗ ನಾನೆಲ್ಲಿಂದ ಹೇಳಲಿ? ಬಹಳ ವರ್ಷವಾಯಿತು.

ಮಳೆ ಜೋರಿದೆ. ಹೊಲಿಗೆ ಬಹಳ ಬಂದಿದೆ, ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಅಕ್ಕ


ದಾದರ್
೨೨ ಜುಲೈ ೧೯೮೬

ಅಕ್ಕಾ,

ಬೇಜಾರು ಮಾಡಿಕೊಂಡರೆ ಮಾಡಿಕೋ, ಇವತ್ತು ಹೇಳಿಯೇಬಿಡುತ್ತೇನೆ.

ನಿನಗೆ ಬಾಬಾ ಹದಿನಾಲ್ಕು ವರ್ಷ ಸಿಕ್ಕರು. ಅವರ ಹೆಗಲ ಮೇಲೆ ಕೂತು ಸಮುದ್ರ ನೋಡಿದ್ದೀಯ, ಅವರ ಕೈಯಿಂದ ಬೈಸಿಕೊಂಡಿದ್ದೀಯ. ನನಗೆ ಸಿಕ್ಕಿದ್ದು ಒಂದು ಸಂಜೆ. ಆ ಒಂದು ಸಂಜೆಯನ್ನು ನಾನು ಕಾಗದದ ಮೇಲೆ ಇಡುತ್ತೇನೆ ಎಂದರೆ ಎತ್ತರ ಸರಿಯಿಲ್ಲ, ಕತ್ತು ಸರಿಯಿಲ್ಲ, ಹೆಸರು ಸರಿಯಿಲ್ಲ. ಈಗ ಪೂರ್ತಿ ಬಿಟ್ಟೇಬಿಡು! ಬಹಳ ವರ್ಷವಾಯಿತಂತೆ! ಒಂದು ಸಲ ಅಳತೆ ತೆಗೆದವರ ಬ್ಲೌಸನ್ನು ಹತ್ತು ವರ್ಷ ಆದಮೇಲೂ ಕಣ್ಣಂದಾಜಿನಲ್ಲಿ ಕತ್ತರಿಸುವವಳು ನೀನು. ಸ್ವಂತ ಅಪ್ಪ ಹೇಗೆ ನಿಲ್ಲುತ್ತಿದ್ದರೆಂದು ಮರೆತೆಯಾ? ನಾನು ನಂಬುವುದಿಲ್ಲ. ಬಾಬಾನನ್ನು ನನ್ನ ಜೊತೆ ಹಂಚಿಕೊಳ್ಳಲು ನಿನಗೆ ಮನಸ್ಸಿಲ್ಲ, ಅಷ್ಟೇ.

ಆ ವರ್ಷದ ಹಬ್ಬವೂ ನನಗೆ ಪೂರ್ತಿ ಸಿಗಲಿಲ್ಲ. ಕುಂಬಾರನ ಮನೆಯಿಂದ ತರುವಾಗ ಮಳೆಗೆ ಗಣಪತಿ ಕರಗಿಹೋಯಿತು, ಅದಕ್ಕೇ ನಮ್ಮ ಮನೆಯಲ್ಲಿ ಕೂರಿಸಲಿಲ್ಲ ಎಂದು ನೀನೇ ಹೇಳಿದ್ದೆ. ಬೆಳಗ್ಗೆ ಎದ್ದರೆ ಬಾಬಾನೂ ಇಲ್ಲ. ರಜೆ ಮುಗಿಯಿತು, ಮುಂಬಯಿಗೆ ಹೋದರು ಎಂದಿರಿ. ಎರಡು ವರ್ಷ ನಾನು ಆ ಕೆಂಪು ಫ್ರಾಕ್ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನೋಡುತ್ತ ಕೂತಿದ್ದೆ. ಆಮೇಲೆ ಒಂದು ದಿನ ಆಯಿ, "ನಿನ್ನ ಬಾಬಾ ದೇವರ ಹತ್ರ ಹೋದ್ರು" ಎಂದಳು. ಅದನ್ನೂ ಹಾಲು ಒಡೆದುಹೋಯಿತು ಅನ್ನುವ ಹಾಗೆ ಹೇಳಿದಳು.

ನಾನು ನಿರ್ಧಾರ ಮಾಡಿದ್ದೇನೆ. ಬಾಗಿಲಲ್ಲಿ ನಿಂತವರೇ ನನ್ನ ಚಾಕರಮಾನಿ. ಬರಿಗೈಯಲ್ಲಿ ನಿಲ್ಲಿಸಲು ನಾನೇ ಏನಾದರೂ ಕಟ್ಟಿಕೊಳ್ಳುತ್ತೇನೆ. ಆಗಸ್ಟ್ ಮುಗಿಯುವುದರೊಳಗೆ ಆ ಆಕಾರಕ್ಕೆ ಕಣ್ಣು ಮೂಗು ಬರೆಯುತ್ತೇನೆ. ಯಾರ ಕಣ್ಣು ಯಾರ ಮೂಗು ಎಂದು ನಿನ್ನನ್ನು ಕೇಳುವುದಿಲ್ಲ.

ಕುಂದಾ


ವೆಂಗುರ್ಲೆ
೪ ಆಗಸ್ಟ್ ೧೯೮೬

ಚಿ. ಕುಂದಾಗೆ,

ನಿನ್ನ ಕಾಗದ ಓದಿ ನಾಲ್ಕು ದಿನ ಯಂತ್ರ ತುಳಿಯಲಿಲ್ಲ. ಆ ಆಕಾರಕ್ಕೆ ಮುಖ ಬರೆಯುತ್ತೇನೆ ಎಂದೆಯಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ಕೂತು ಓದು.

ನೀನು ಕಳಿಸಿದ ಐದರಲ್ಲಿ ಬಾಗಿಲಿನದನ್ನು ನಾನು ನೋಡಿದ ಕೂಡಲೇ ಗುರುತಿಸಿದೆ. ನೀನು ಒಂದು ಕೂದಲೆಳೆ ತಪ್ಪದೆ ಬರೆದಿದ್ದೀಯ. ಕೊಡೆ ಬಾಬಾನದು. ಪೆಟ್ಟಿಗೆ ಬಾಬಾನದು. ನಿಂತವರು ಬಾಬಾ ಅಲ್ಲ, ತಾವಡೆ ಕಾಕಾ.

ಬಾಬಾ ಅದಾಗಲೇ ಮುಂಬಯಿಯಲ್ಲಿ ತೀರಿಹೋಗಿದ್ದರು. ವಿಷಮಶೀತ ಜ್ವರ. ಆಸ್ಪತ್ರೆಗೆ ಸೇರಿಸಿದ ಮೇಲೆ ಮಾತೇ ಆಡಲಿಲ್ಲವಂತೆ. ಖೋಲಿಯವರು ತಂತಿ ಕೊಟ್ಟಿದ್ದರು, ಮಳೆಗೆ ಕಂಬ ಬಿದ್ದು ಅದು ನಮಗೆ ಮುಟ್ಟಿದ್ದು ಕಾಕಾ ಬಂದು ಹೋದ ಮೇಲೆ. ಬೆಂಕಿ ಕೊಟ್ಟವರೂ ಕಾಕಾನೇ. ಬಾಬಾ ಹಬ್ಬಕ್ಕೆಂದು ಕಟ್ಟಿಟ್ಟಿದ್ದ ಪೆಟ್ಟಿಗೆಯನ್ನು ಹಾಗೇ ಎತ್ತಿಕೊಂಡು ಬಸ್ಸು ಹತ್ತಿದರು.

ಆ ಸಂಜೆ ನಾವು ಬಾಬಾನ ದಾರಿ ನೋಡುತ್ತಿದ್ದೆವು. ಆಯಿಗೆ ಅಡುಗೆಮನೆಯ ಕಿಟಕಿಯಿಂದ ಕೊಡೆ ಕಂಡಿತು. ಅದರ ಅಂಚು ಹರಿದಿದ್ದಕ್ಕೆ ಬಿಳಿ ದಾರದಲ್ಲಿ ಹೊಲಿದವಳು ಅವಳೇ. ದೂರದಿಂದ ಬಂದವರ ದೃಷ್ಟಿ ತೆಗೆಯಲು ಭಾಕರಿ ರೊಟ್ಟಿಯ ತುಣುಕು, ನೀರಿನ ತಂಬಿಗೆ ಹಿಡಿದು ನಗುತ್ತಲೇ ಹೊರಗೆ ಬಂದಳು. ನಾನು ಅವಳ ಹಿಂದೆ. ಆದರೆ ನೀನು ನಮ್ಮಿಬ್ಬರಿಗಿಂತ ಮುಂದೆ ಓಡಿ, "ಬಾಬಾ ಬಂದ್ರು! ಬಾಬಾ ಬಂದ್ರು!" ಎಂದು ಅವರ ಕಾಲು ತಬ್ಬಿಕೊಂಡುಬಿಟ್ಟಿದ್ದೆ. ಹಬ್ಬದ ಹಿಂದಿನ ದಿನ ಕೊಡೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತವರು ನಮ್ಮೂರಿನ ಮಗುವಿಗೆ ಇನ್ನಾರು?

ನಮಗೆ ಮುಖ ಕಂಡಿತು. ಆಯಿಗೆ ಆ ಕ್ಷಣಕ್ಕೇ ಎಲ್ಲ ತಿಳಿಯಿತು. ಕಾಕಾ ಅವಳನ್ನು ನೋಡಿದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರಂತೆ, ಅದರಲ್ಲಿ ನೀನು ಇರಲಿಲ್ಲ. ಪೆಟ್ಟಿಗೆ ಕೆಳಗಿಟ್ಟು ನಿನ್ನನ್ನು ಎತ್ತಿಕೊಂಡರು. "ಹೂಂ ಪೋರಿ, ಬಂದೆ" ಎಂದರು. ಆಯಿಯ ಕೈಯಲ್ಲಿದ್ದ ತುಣುಕು ಕೈಯಲ್ಲೇ ಉಳಿಯಿತು. ನೀನು ಮಲಗುವ ತನಕ ಅವಳು ಒಂದು ಸದ್ದು ಮಾಡಲಿಲ್ಲ.

ಗಣಪತಿ ಮಳೆಗೆ ಕರಗಲಿಲ್ಲ ಕುಂದಾ. ಸೂತಕ ಇತ್ತು, ಕೂರಿಸುವ ಹಾಗಿರಲಿಲ್ಲ. ಮೂರ್ತಿ ತಾರಾಬಾಯಿಯ ಮನೆಗೆ ಹೋಯಿತು.

"ಮಗೂಗೆ ಈ ಹಬ್ಬ ಕಳೀಲಿ, ಆಮೇಲೆ ಹೇಳಿದ್ರಾಯ್ತು" ಎಂದಳು ಆಯಿ. ಹಬ್ಬ ಕಳೆಯಿತು. ನೀನು ಆ ಫ್ರಾಕ್ ಹಾಕಿಕೊಂಡು ಬಾಬಾ ಎತ್ತಿಕೊಂಡರು ಎಂದು ಕೇರಿಯೆಲ್ಲ ಹೇಳಿಕೊಂಡು ಬಂದೆ. ಕೇರಿಯವರೂ ತುಟಿ ಬಿಚ್ಚಲಿಲ್ಲ. ಆಮೇಲೆ ಹೇಳುವ ಧೈರ್ಯ ಯಾರಿಗಿತ್ತು? ಸಾಯುವ ಮುಂಚೆಯೂ ಆಯಿ ನನ್ನ ಕೈ ಹಿಡಿದು, "ಅವಳಿಗೆ ಅಷ್ಟಾದ್ರೂ ಇರ್ಲಿ ಮಂದಾ" ಎಂದಳು. ನಾನು ನಿನ್ನ ಕ್ಷಮೆ ಕೇಳುತ್ತಿಲ್ಲ. ಇನ್ನೊಂದು ಸಲ ಹಾಗೇ ಆದರೂ ನಾನು ಸುಮ್ಮನೇ ಇರುತ್ತೇನೆ.

ಕಾಕಾ ಆಮೇಲೆ ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದಾರೆ. ಬಂದದ್ದು ಯಾವಾಗಲೂ ಹಿತ್ತಿಲ ಬಾಗಿಲಿನಿಂದ, ಎಂಥ ಮಳೆಯಲ್ಲೂ ಕೊಡೆಯಿಲ್ಲದೆ. ನೀನು ಮತ್ತೆ ಬಾಬಾ ಎಂದುಬಿಡುತ್ತೀಯೆಂದು ಹೆದರುತ್ತಿದ್ದರು. ನೀನು ಕಾಕಾ ಎಂದೆ, ಗುರುತು ಹಿಡಿಯಲಿಲ್ಲ. ಈಗ ನೀನಾಗಿಯೇ ಆ ಪೆಟ್ಟಿಗೆ ಒಯ್ದು ಅವರ ಕೈಗೆ ಕೊಟ್ಟೆ!

ಫ್ರಾಕ್ ಮಾತ್ರ ಬಾಬಾನೇ ತಂದದ್ದು. ಅದರಲ್ಲಿ ಸುಳ್ಳಿಲ್ಲ.

ಬರಿಗೈಯಲ್ಲಿ ಹೇಗೆ ನಿಲ್ಲುತ್ತಿದ್ದರು ಎಂದು ಕೇಳಿದ್ದೆ. ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಬ್ಲೌಸಿಗೆ ಮಾದರಿ ಕತ್ತರಿಸುವ ಹಾಗೆ ಹಳೆಯ ಪೇಪರಿನಲ್ಲಿ ಕತ್ತರಿಸಿ, ಒಲೆಯ ಮಸಿ ಬಳಿದು ಇದರೊಳಗೆ ಇಟ್ಟಿದ್ದೇನೆ. ಕುಳ್ಳು ಮನುಷ್ಯ. ಒಂದು ಕೈ ಚೌಕಟ್ಟಿನ ಮೇಲೆ, ಒಂದು ಹೆಗಲು ತುಸು ಮೇಲೆದ್ದಿದೆ. ಭಾರವೆಲ್ಲ ಒಂದೇ ಕಾಲಿನ ಮೇಲೆ, ಇನ್ನೊಂದು ಪಾದ ಆ ಕಾಲಿಗೆ ಆನಿಸಿ. ಎಲ್ಲಿ ನಿಂತರೂ ಹಾಗೇ. ನೀನು ಹಾಗೆ ನಿಂತಾಗ ಆಯಿ ಬೈಯುತ್ತಿದ್ದದ್ದು ನೆನಪಿದೆಯಲ್ಲ? ಬೈದಾದ ಮೇಲೆ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನೀನು ನೋಡಿಲ್ಲ.

ಅಕ್ಕ


(ಕಾರ್ಡು)

ವೆಂಗುರ್ಲೆ
೨೧ ಆಗಸ್ಟ್ ೧೯೮೬

ಚಿ. ಕುಂದಾಗೆ,

ಉತ್ತರವಿಲ್ಲ. ಆರೋಗ್ಯವಾಗಿದ್ದೀಯಲ್ಲ? ಕಾರ್ಡಿನಲ್ಲಿ ಹೆಚ್ಚು ಬರೆಯುವ ಹಾಗಿಲ್ಲ, ನಮ್ಮ ಪೋಸ್ಟ್‌ಮನ್ ಓದಿಯೇ ಕೊಡುವವನು. ಓದುತ್ತಿದ್ದೀರಲ್ಲ ಅಣ್ಣಾ, ಬೇಗ ಕಳಿಸಿ.

ಏಳನೇ ತಾರೀಕು ಚೌತಿ. ಗೋಡೆಗೆ ಸುಣ್ಣ ಬಳಿಸಿದೆ. ಬರುತ್ತೀಯೋ ಇಲ್ಲವೋ, ಎರಡು ಅಕ್ಷರ ಬರೆ. ಬೈದಾದರೂ ಬರೆ.

ಅಕ್ಕ


ದಾದರ್
೩೧ ಆಗಸ್ಟ್ ೧೯೮೬

ಅಕ್ಕಾ,

ಬರೆಯದೆ ಇದ್ದದ್ದು ಸಿಟ್ಟಿನಿಂದಲೇ. ಸುಳ್ಳೇಕೆ ಹೇಳಲಿ? ನಿನ್ನ ಮೇಲೆ, ಆಯಿಯ ಮೇಲೆ, ಆ ಕೇರಿಯ ಒಬ್ಬೊಬ್ಬರ ಮೇಲೂ ಸಿಟ್ಟು ಬಂತು. ನನ್ನ ಹತ್ತಿರ ಇದ್ದದ್ದೇ ಒಂದು ಸಂಜೆ, ಅದೂ ನನ್ನದಲ್ಲ ಎಂದುಬಿಟ್ಟೆಯಲ್ಲ! ದಾರದಿಂದ ಬಾಗಿಲಿನ ಆಕಾರ ಕಿತ್ತು ಮೇಜಿನ ಖಾನೆಯಲ್ಲಿ ಹಾಕಿದೆ. ಹರಿಯಲು ಕೈ ಬರಲಿಲ್ಲ. ನೀನು ಕತ್ತರಿಸಿದ್ದನ್ನು ಲಕೋಟೆಯಿಂದ ಹೊರಗೇ ತೆಗೆಯಲಿಲ್ಲ. ಲಾಲಬಾಗಿನ ಕಡೆ ಕಾಲೂ ಇಡಲಿಲ್ಲ.

ಸರ್ ಎರಡು ಸಲ ಕೇಳಿದರು. ಮೂರನೆಯ ಸಲ, "ಪರಬ್ ಬಾಯಿ, ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ಬೇರೆಯವರಿಗೆ ಕೊಡ್ತೀನಿ" ಎಂದರು. ಆಗ ಹೇಳಿದೆ. "ಸರ್, ಆ ಆಕಾರದಲ್ಲಿರುವ ಮನುಷ್ಯ ಬೇರೆಯವರ ಸಾಮಾನು ಹೊತ್ತು ಬಂದವನು. ನೀವು ಮೊದಲ ದಿನವೇ ಸರಿಯಾಗಿ ನೋಡಿದ್ರಿ. ನಾನು ನೋಡಲಿಲ್ಲ." ಅವರು ತಮ್ಮ ಚಹಾವನ್ನು ನನ್ನ ಕಡೆ ಸರಿಸಿದರು.

ಅವತ್ತು ನಿನ್ನ ಲಕೋಟೆ ತೆರೆದೆ. ಅಕ್ಕಾ, ಅಂಚುಗಳು ಎಷ್ಟು ಒರಟು! ಕತ್ತರಿ ಎಷ್ಟು ಕಡೆ ನಿಂತು ನಿಂತು ಹೋಗಿದೆ! ಕೈಗೆಲ್ಲ ಮಸಿಯಾಯಿತು. ನನ್ನದೇನೂ ಸೇರಿಸದೆ ಅದನ್ನು ದಾರಕ್ಕೆ ಸಿಕ್ಕಿಸಿ ಆ ತುದಿಗೆ ಹೋಗಿ ನಿಂತೆ. ಚಹಾದವನು ಲೋಟ ಎತ್ತುತ್ತಿದ್ದವನು ಅದನ್ನು ನೋಡಿ, "ಇವನ್ಯಾರಪ್ಪಾ, ಆಗಲೇ ಮನೆಗೆ ಬಂದುಬಿಟ್ಟಿದ್ದಾನೆ!" ಎಂದ. ಸರ್ ನಕ್ಕರು. ಚಾಕರಮಾನಿ ಸಿಕ್ಕಿದ. ಅವನಿಗೆ ನಾನು ಕಣ್ಣು ಮೂಗು ಬಹಳ ಸಣ್ಣದಾಗಿ ಬರೆಯುತ್ತೇನೆ. ಬಣ್ಣದ ಮೇಜಿನಿಂದ ನನ್ನ ಕುಂಚಗಳನ್ನು ಎತ್ತಿಕೊಂಡು ಬಂದದ್ದಾಯಿತು. ಬೆಲ್ಲವಿದ್ದರೆ ತಿನ್ನು.

ಇಷ್ಟಾದ ಮೇಲೂ ಕಾಕಾರ ಬಳಿ ಹೋಗಲು ಧೈರ್ಯವಿರಲಿಲ್ಲ. ಹೋಗಿ ಏನು ಹೇಳುವುದು? ಇವತ್ತು ಮಧ್ಯಾಹ್ನ ಹೊರಟೇಬಿಟ್ಟೆ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಕೊಡೆಯನ್ನು ಗ್ಯಾಲರಿಯ ಕಂಬಿಗೆ ನೇತುಹಾಕಿದೆ. ಬಾಗಿಲು ತೆರೆದಿತ್ತು. ಒಳಗೆ ಕಾಕಾ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು, ಕಣ್ಣಿನಿಂದಲ್ಲ, ಬೆರಳಿನಿಂದ. ಚೌಕಟ್ಟು ಹಿಡಿದು ಸುಮ್ಮನೆ ನಿಂತೆ. ಹೇಗೆ ನಿಂತಿದ್ದೇನೆ ಎಂಬ ಪರಿವೆಯೇ ನನಗಿರಲಿಲ್ಲ.

ಅವರು ತಲೆಯೆತ್ತಿದರು. ಕೈಯಲ್ಲಿದ್ದ ಅಕ್ಕಿ ಮೊರಕ್ಕೆ ಬಿತ್ತು.

"ಸೀತಾರಾಮಾ?" ಎಂದರು.

ನಾನು ಕೆಳಗೆ ನೋಡಿಕೊಂಡೆ ಅಕ್ಕಾ. ಒಂದೇ ಕಾಲಲ್ಲಿ ನಿಂತಿದ್ದೆ.

"ಅರೇ, ಬಾರೋ! ಬಾಗಿಲಲ್ಲೇ ಯಾಕೋ ನಿಂತೆ ಪರಬಾ?"

ಎಂಥ ಧ್ವನಿ ಅದು! ಅಷ್ಟು ಖುಷಿಯಾಗಿ ಯಾರೂ ಯಾರನ್ನೂ ಕರೆದದ್ದನ್ನು ನಾನು ಕೇಳಿಲ್ಲ. ಕಾಕಾ, ನಾನು ಕುಂದಾ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವತ್ತು ಆಯಿ ಯಾಕೆ ಸುಮ್ಮನಿದ್ದಳು, ನೀನು ಯಾಕೆ ಸುಮ್ಮನಿದ್ದೆ ಎಂದು ನನಗೆ ಆ ಹೊಸಿಲ ಮೇಲೆ ತಿಳಿಯಿತು. ಇನ್ನು ಸಿಟ್ಟಿಲ್ಲ.

"ಹೂಂ, ಬಂದೆ" ಎಂದೆ.

ಧ್ವನಿ ಕೇಳಿದ ಮೇಲೆ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಆದರೆ ಅವರೂ ಏನೂ ಹೇಳಲಿಲ್ಲ. ಮೊರವನ್ನು ಪಕ್ಕಕ್ಕೆ ತಳ್ಳಿ, ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ನಾವಿಬ್ಬರೂ ಕೂತು ಉಳಿದ ಅಕ್ಕಿ ಆರಿಸಿದೆವು.

ಐದನೇ ತಾರೀಕಿನ ಬಸ್ಸಿಗೆ ಎರಡು ಟಿಕೆಟ್ ತೆಗೆಸಿದ್ದೇನೆ. ಮೊದಲು ಬರುವುದಿಲ್ಲ ಎಂದರು, ಆಮೇಲೆ ಬಾಬಾನ ಪೆಟ್ಟಿಗೆಯನ್ನು ತಾವೇ ಹೊರುತ್ತೇನೆ ಎಂದರು. ಭಾಕರಿಯ ತುಣುಕು, ನೀರು ಸಿದ್ಧವಿರಲಿ. ನಾವು ಬರುವ ಹೊತ್ತಿಗೆ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿರು.

ನಿನ್ನ ಕುಂದಾ